ಮಂಗಳ ಯೂರಿಯಾ ಯಾರ ಕಾರ್ಖಾನೆಯದು?

ಪ್ರಶ್ನೆ: ‘ಮಂಗಳ’ ಗೊಬ್ಬರ ಸರ್ಕಾರದ್ದು ಎಂದು ನಮ್ಮ ತಂದೆ ಹೇಳುತ್ತಿದ್ದರು. ಅದು ಮಲ್ಯ ಅವರ ಕಂಪನಿಯದು ಎನ್ನುತ್ತಾರೆ ಸೊಸೈಟಿಯವರು. ಈಗ ಚೀಲದ ಮೇಲೆ ದೊಡ್ಡದಾಗಿ ‘ಭಾರತ್ ಯೂರಿಯಾ’ ಎಂದಿದೆ. ಪಣಂಬೂರಿನ ಕಾರ್ಖಾನೆ ನಿಜಕ್ಕೂ ಯಾರದು?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ತಂದೆಯವರೂ ಸರಿ, ಸೊಸೈಟಿಯವರೂ ಸರಿ. ಇಬ್ಬರೂ ಬೇರೆ ಬೇರೆ ಕಾಲದ ಮಾತು ಆಡುತ್ತಿದ್ದಾರೆ, ಅಷ್ಟೇ.

ಕಂಪನಿ ನೋಂದಣಿಯಾದದ್ದು 1966ರಲ್ಲಿ, ‘ಮಲಬಾರ್ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್’ ಎಂಬ ಹೆಸರಿನಲ್ಲಿ. ‘ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್’ ಎಂಬ ಹೆಸರು ಬಂದದ್ದು ಆಮೇಲೆ. 1976ರಲ್ಲಿ ನವಮಂಗಳೂರು ಬಂದರಿನ ಪಕ್ಕದಲ್ಲಿ ಯೂರಿಯಾ ತಯಾರಿಕೆ ಆರಂಭವಾದಾಗ ಅದರಲ್ಲಿ ರಾಜ್ಯ ಸರ್ಕಾರದ ಪಾಲು ದೊಡ್ಡದಿತ್ತು. 1990ರ ದಶಕದ ಆರಂಭದಲ್ಲಿ ಆಡಳಿತ ವಿಜಯ್ ಮಲ್ಯ ಅವರ ಯುಬಿ ಸಮೂಹದ ಕೈಗೆ ಹೋಯಿತು.

ನನ್ನ ಕೇಳಿದರೆ, ಈ ಕಾರ್ಖಾನೆಯ ಹಣೆಬರಹ ಬರೆದದ್ದು ಮಾಲೀಕರಿಗಿಂತ ಹೆಚ್ಚಾಗಿ ನಾಫ್ತಾ. ಯೂರಿಯಾಕ್ಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಹೈಡ್ರೋಜನ್ ಬೇಕು. ಪಣಂಬೂರಿನಲ್ಲಿ ಅದನ್ನು ತೆಗೆಯುತ್ತಿದ್ದದ್ದು ಕಚ್ಚಾತೈಲದಿಂದ ಬರುವ ನಾಫ್ತಾದಿಂದ. ನೈಸರ್ಗಿಕ ಅನಿಲ ಬಳಸುವ ಕಾರ್ಖಾನೆಗಳಿಗೆ ಹೋಲಿಸಿದರೆ ಇದು ದುಬಾರಿ ದಾರಿ. ಮಾರುವ ದರವೋ ಕೇಂದ್ರ ಸರ್ಕಾರ ಕಟ್ಟಿಟ್ಟದ್ದು. ನಡುವಿನ ವ್ಯತ್ಯಾಸ ತುಂಬುವುದು ಸಬ್ಸಿಡಿ. ಅದು ನಿಂತರೆ ಯಂತ್ರವೂ ನಿಂತ ಹಾಗೆಯೇ.

ನಿಂತೇಬಿಟ್ಟಿತು ಕೂಡ. ನಾಫ್ತಾ ಬಳಸುವ ಮೂರು ಕಾರ್ಖಾನೆಗಳಿಗೆ ಸಬ್ಸಿಡಿ ಕೈತಪ್ಪಿದಾಗ, 2014ರ ಅಕ್ಟೋಬರ್‌ನಲ್ಲಿ ಪಣಂಬೂರಿನಲ್ಲಿಯೂ ಯೂರಿಯಾ ತಯಾರಿಕೆ ಸ್ಥಗಿತಗೊಂಡಿತು. ತಮಾಷೆಯೆಂದರೆ, ಅದೇ ವರ್ಷ ಕಂಪನಿಯ ಷೇರುಗಳಿಗಾಗಿ ಜಿದ್ದಾಜಿದ್ದಿ ನಡೆದಿತ್ತು! ಪುಣೆಯ ದೀಪಕ್ ಫರ್ಟಿಲೈಸರ್ಸ್ 2013ರಲ್ಲಿಯೇ ಸುಮಾರು ಕಾಲುಭಾಗ ಖರೀದಿಸಿತ್ತು. ಇನ್ನೊಂದು ಕಡೆ ಮಲ್ಯ ಅವರ ಜೊತೆಗೂಡಿ ಜುವಾರಿ ಎಂಬ ಇನ್ನೊಂದು ಗೊಬ್ಬರ ಕಂಪನಿ ನಿಂತಿತು. ಒಬ್ಬರು ಕೂಗಿದ ದರದ ಮೇಲೆ ಇನ್ನೊಬ್ಬರು ಕೂಗಿದರು. ಕೊನೆಗೆ ಗೆದ್ದದ್ದು ಜುವಾರಿ; 2015ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಪಾಲು ಅದರದಾಯಿತು. ಸರ್ಕಾರದ ಅನುಮತಿಯಿಂದ ನಾಫ್ತಾ ಮತ್ತೆ ಉರಿಯಿತು. ಕೊಚ್ಚಿ–ಮಂಗಳೂರು ಕೊಳವೆಯಲ್ಲಿ ಅನಿಲ ಬರುವವರೆಗೂ, ಅಂದರೆ 2020ರ ಕೊನೆಯವರೆಗೂ, ಹೀಗೆ ಗಡುವಿನಿಂದ ಗಡುವಿಗೆ ದಿನ ದೂಡಬೇಕಾಯಿತು.

ಮುಂದಿನದು ಲೆಕ್ಕಪತ್ರದ ಕೆಲಸ. ಜುವಾರಿಯ ಬಳಗಕ್ಕೇ ಸೇರಿದ ಒಡಿಶಾದ ಪಾರಾದೀಪ್ ಫಾಸ್ಫೇಟ್ಸ್ ಜೊತೆ ವಿಲೀನಕ್ಕೆ 2024ರ ಫೆಬ್ರುವರಿಯಲ್ಲಿ ಎರಡೂ ಕಂಪನಿಗಳ ಆಡಳಿತ ಮಂಡಳಿಗಳು ಒಪ್ಪಿದವು: ಮಂಗಳೂರಿನ 100 ಷೇರಿಗೆ ಪಾರಾದೀಪ್‌ನ 187. ವಿಲೀನ 2025ರಲ್ಲಿ ಮುಗಿಯಿತು. ಹಾಗಾಗಿ ಪಣಂಬೂರಿನ ಕಾರ್ಖಾನೆ ಈಗ ಪಾರಾದೀಪ್‌ನದು.

ಇನ್ನು ‘ಭಾರತ್’ ಎಂಬ ಹೆಸರು. ಅದು ಕಂಪನಿಯಲ್ಲ, 2022ರಿಂದ ದೇಶದ ಎಲ್ಲ ಸಬ್ಸಿಡಿ ಗೊಬ್ಬರಕ್ಕೂ ಕೇಂದ್ರ ಸರ್ಕಾರ ಇಟ್ಟ ಒಂದೇ ಬ್ರ್ಯಾಂಡ್. ಚೀಲದ ಮೂರರಲ್ಲಿ ಎರಡು ಭಾಗ ಅದಕ್ಕೇ ಮೀಸಲು. ತಯಾರಕರ ಹೆಸರು ಉಳಿದ ಒಂದು ಭಾಗದಲ್ಲಿ, ಸಣ್ಣ ಅಕ್ಷರದಲ್ಲಿರುತ್ತದೆ. ಚೀಲ ಹೊಲಕ್ಕೆ ಸಾಗಿಸುವ ಮುನ್ನ ಅದನ್ನೊಮ್ಮೆ ತಿರುಗಿಸಿ ನೋಡಿ.