ಪ್ರಬಂಧದಲ್ಲಿ ಬಂದ ಫಲಿತಾಂಶ ನಮಗೇಕೆ ಬರುತ್ತಿಲ್ಲ?

ಪ್ರಶ್ನೆ: ಸ್ತನ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ಒಂದು ಔಷಧ ಅರ್ಧಕ್ಕಿಳಿಸುತ್ತದೆ ಎಂದು ಪ್ರಕಟವಾಗಿದೆ. ಅದೇ ಪ್ರಮಾಣ ಹಾಕಿದರೂ ನಮ್ಮ ಎಂಟಿಟಿ ಪರೀಕ್ಷೆಯಲ್ಲಿ (ಬದುಕಿರುವ ಕೋಶಗಳು ಎಂಟಿಟಿ ಎಂಬ ರಾಸಾಯನಿಕದಿಂದ ಎಷ್ಟು ಬಣ್ಣ ಬರಿಸುತ್ತವೆ ಎಂದು ಅಳೆಯುವ ಪರೀಕ್ಷೆ) ವ್ಯತ್ಯಾಸವೇ ಕಾಣುತ್ತಿಲ್ಲ. ಮೂಲ ಲೇಖಕರು ಸುಳ್ಳು ಬರೆದಿರಬಹುದೇ?

ಉತ್ತರ: ಅಷ್ಟು ಬೇಗ ಆ ಮಾತಿಗೆ ಹೋಗಬೇಡಿ. ಅಮೆರಿಕದ ಸೆಂಟರ್ ಫಾರ್ ಓಪನ್ ಸೈನ್ಸ್ ಮತ್ತು ಸಂಗಡಿಗರು ಕ್ಯಾನ್ಸರ್ ಸಂಶೋಧನೆಯ 53 ಪ್ರಬಂಧಗಳ 193 ಪ್ರಯೋಗಗಳನ್ನು ಮತ್ತೆ ಮಾಡಲು ಹೊರಟಿದ್ದರು. 2021ರ ವರದಿಯ ಪ್ರಕಾರ ಮುಗಿದದ್ದು 23 ಪ್ರಬಂಧಗಳ 50 ಮಾತ್ರ. ಲೇಖಕರನ್ನು ಏನೂ ಕೇಳದೆ, ಅಚ್ಚಾದ ವಿವರವನ್ನಷ್ಟೇ ನಂಬಿ ರೂಪಿಸಬಹುದಾದ ಪ್ರಯೋಗ ಒಂದೂ ಇರಲಿಲ್ಲ! ಪರಿಣಾಮದ ಗಾತ್ರವೂ ಮೂಲಕ್ಕಿಂತ, ಮಧ್ಯಾಂಕದ ಲೆಕ್ಕದಲ್ಲಿ, ಶೇ 85ರಷ್ಟು ಕುಗ್ಗಿತ್ತು.

ನೀವು ಮೊದಲು ಅನುಮಾನಿಸಬೇಕಾದದ್ದು ಕೋಶಗಳನ್ನೇ. ಎಂಡಿಎ-ಎಂಬಿ-435 ಎಂಬ ಕೋಶಗಳನ್ನು ವರ್ಷಗಟ್ಟಲೆ ಸ್ತನ ಕ್ಯಾನ್ಸರ್ ಎಂದೇ ಬಳಸಿದರು. ಅದು ಎಂ14 ಎಂಬ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶ. ಆದ್ದರಿಂದ ಎಸ್‌ಟಿಆರ್ ಪ್ರೊಫೈಲ್ (ಕೋಶದ ಗುರುತು ಹಿಡಿಯುವ ಡಿಎನ್‌ಎ ಪರೀಕ್ಷೆ) ಮಾಡಿಸಿ. ಜೊತೆಗೆ ಮೈಕೋಪ್ಲಾಸ್ಮ ಎಂಬ ಅತಿಚಿಕ್ಕ ಬ್ಯಾಕ್ಟೀರಿಯ ಸೇರಿಕೊಂಡಿದೆಯೇ ಎಂದು ಪಿಸಿಆರ್ (ಡಿಎನ್‌ಎ ಪತ್ತೆ ಪರೀಕ್ಷೆ) ಮಾಡಿ. ಇದಕ್ಕೆ ಕೋಶಭಿತ್ತಿ ಇಲ್ಲ, ಹಾಗಾಗಿ ಪೆನಿಸಿಲಿನ್ ನಾಟುವುದಿಲ್ಲ, 0.22 ಮೈಕ್ರಾನ್ ಫಿಲ್ಟರಿನಿಂದಲೂ ನುಸುಳಬಲ್ಲದು. ಕೋಶ ಬೆಳೆಸುವ ದ್ರವ ಕದಡುವುದಿಲ್ಲ, ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಕಾಣುವುದೂ ಇಲ್ಲ. ಆದರೆ ಎಂಟಿಟಿಯನ್ನು ತಾನೂ ಅಪಕರ್ಷಿಸಿ ಬಣ್ಣ ಕೊಡಬಲ್ಲದು. ಔಷಧ ಕೆಲಸ ಮಾಡಿದ್ದರೂ ಮಾಡದಂತೆ ಕಾಣಬಹುದು.

ಇನ್ನು ಪ್ಲೇಟು. 96 ವೆಲ್‌ಗಳಲ್ಲಿ (ಕೋಶ ಬೆಳೆಸುವ ಪುಟ್ಟ ಗುಳಿಗಳು) ಅಂಚಿನ 36 ಬೇಗ ಆರುತ್ತವೆ, ಔಷಧ ಗಾಢವಾಗುತ್ತದೆ. ಅಲ್ಲಿ ಪಿಬಿಎಸ್ (ಬಫರ್ ಉಪ್ಪುನೀರು) ತುಂಬಿ, ಒಳಗಿನ 60 ಮಾತ್ರ ಬಳಸಿ. ಕೋಶ ಹಾಕಿದ ಕೂಡಲೇ ಇನ್‌ಕ್ಯುಬೇಟರಿಗೆ ತಳ್ಳದೆ, ಹುಡ್‌ನಲ್ಲೇ (ಕೋಶಗಳ ಕೆಲಸ ಮಾಡುವ ಶುದ್ಧಗಾಳಿಯ ಪೆಟ್ಟಿಗೆ) ಹದಿನೈದು ಇಪ್ಪತ್ತು ನಿಮಿಷ ಅಲುಗಾಡಿಸದೆ ಬಿಟ್ಟರೆ ಅವು ಸಮನಾಗಿ ಕೂರುತ್ತವೆ. ಔಷಧ ಹಾಕದ ಕಂಟ್ರೋಲ್ ವೆಲ್‌ಗಳಿಗೂ ಅಷ್ಟೇ ಡಿಎಂಎಸ್‌ಒ (ಔಷಧ ಕರಗಿಸುವ ದ್ರವ) ಬೀಳಬೇಕು, ಶೇ 0.1 ದಾಟದಿದ್ದರೆ ಒಳ್ಳೆಯದು.

ಇಷ್ಟಾದ ಮೇಲೆ ಲೇಖಕರಿಗೆ ಬರೆಯಿರಿ. ‘ನಿಮ್ಮದು ಬರುತ್ತಿಲ್ಲ’ ಎಂದಲ್ಲ. ಪ್ಯಾಸೇಜ್ ಸಂಖ್ಯೆ (ಕೋಶಗಳನ್ನು ಎಷ್ಟು ಸಲ ಹೊಸ ಪಾತ್ರೆಗೆ ವರ್ಗಾಯಿಸಿದೆ ಎಂಬುದು), ಸೀರಮ್‌ನ ಲಾಟ್ (ತಯಾರಿಕೆಯ ಕಂತು), ವೆಲ್‌ಗೆ ಎಷ್ಟು ಕೋಶ, ಔಷಧ ಹಾಕಿದ್ದು ಎಷ್ಟು ಗಂಟೆಯ ಮೇಲೆ ಎಂದು ಕೇಳಿ. ಉತ್ತರ ಬರುವ ಸಾಧ್ಯತೆ ಆಗ ಹೆಚ್ಚು.

ಪ್ರಶ್ನೆ: ಒಂದೇ ಪ್ಲೇಟಿನ ಮೂರು ವೆಲ್‌ಗಳನ್ನು n=3 (ಮೂರು ಸ್ವತಂತ್ರ ಪ್ರಯೋಗ) ಎಂದು ಬರೆಯಬಹುದೇ?

ಉತ್ತರ: ಇಲ್ಲ. ಅದು n=1. ಆ ಮೂರು ತಿಳಿಸುವುದು ನಿಮ್ಮ ಪಿಪೆಟ್ ಹಿಡಿತವನ್ನು ಮಾತ್ರ. ಬೇರೆ ಬೇರೆ ದಿನ, ಬೇರೆ ಪ್ಯಾಸೇಜ್‌ನ ಕೋಶಗಳಿಗೆ ಔಷಧವನ್ನು ಹೊಸದಾಗಿ ದುರ್ಬಲಗೊಳಿಸಿ ಹಾಕಿ. ಪ್ರತಿ ದಿನದ ವೆಲ್‌ಗಳ ಸರಾಸರಿಯೇ ಆ ದಿನದ ಒಂದು ಅಂಕಿ. ಸಂಖ್ಯಾಶಾಸ್ತ್ರದ ಪರೀಕ್ಷೆ ಆ ಅಂಕಿಗಳ ಮೇಲೆ ನಡೆಯಬೇಕು. ಪಿ ಮೌಲ್ಯ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಂತರ ಬರುವ ಸಾಧ್ಯತೆ) ಮೊದಲಿನಷ್ಟು ಚೆಂದ ಬಾರದಿದ್ದರೆ, ಬಾರದಂತೆಯೇ ಬರೆಯಿರಿ.