ಕಾರಿನ ಮುಂಭಾಗದ ಗಾಜಿನ ರೀಕಾಲ್ ಸೆಕೆಂಡ್ ಓನರ್‌ಗೂ ಸಿಗತ್ತೆ

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ 2021 ಫೋರ್ಡ್ ಮಸ್ಟ್ಯಾಂಗ್ ಮಾಕ್-ಇ ಕಾರು ತಗೊಂಡಿದೀನಿ, ಗಾಜಿನ ರೀಕಾಲ್ (ದೋಷ ಇರೋ ಗಾಡಿನ ಕಂಪನಿನೇ ವಾಪಸ್ ಕರೆದು ಪುಕ್ಕಟೆ ಸರಿ ಮಾಡಿಕೊಡೋದು) ನನಗೂ ಸಿಗತ್ತಾ ಅಂತ ಕೇಳಿದೀರಲ್ಲ, ನಿಮ್ಮ ಗಾಡಿ ಲಿಸ್ಟಲ್ಲಿದ್ರೆ ಖಂಡಿತ ಸಿಗತ್ತೆ, ರೀಕಾಲ್ ಇರೋದು ಗಾಡಿಗೆ, ಓನರ್‌ಗಲ್ಲ, ಒಂದು ಪೈಸೆನೂ ಕೊಡಬೇಡಿ. ಡ್ರೈವರ್ ಕಡೆ ಗಾಜಿನ ಕೆಳಮೂಲೆಲಿ 17 ಅಕ್ಷರದ ವಿಐಎನ್, ಅಂದ್ರೆ ಗಾಡಿಯ ಗುರುತಿನ ನಂಬರ್ ಕಾಣತ್ತೆ, ಅದನ್ನ ಎನ್‌ಎಚ್‌ಟಿಎಸ್‌ಎ (ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ) ಸೈಟಲ್ಲಿ ಹಾಕಿ ನೋಡಿ, ಇವತ್ತೇ. ಫೋರ್ಡ್ 2021ರಲ್ಲಿ ವಾಪಸ್ ಕರೆದಿದ್ದು ಗಾಜು ಕಾರಿನ ಚೌಕಟ್ಟಿಗೆ ಸರಿಯಾಗಿ ಅಂಟಿಲ್ಲದೆ ಇರಬಹುದು ಅಂತ, ಹಾಗಾಗಿ ಬರೀ ಕಣ್ಣಿಗೆ ಏನೂ ಗೊತ್ತಾಗದೇ ಇರಬಹುದು. ಅಲಕ್ಷ್ಯ ಮಾಡಬೇಡಿ ಪ್ಲೀಸ್, ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬೋವಾಗ ಸಾಮಾನ್ಯವಾಗಿ ಆ ಗಾಜಿಗೇ ತಾಗಿ ನಿಲ್ಲೋದು, ಗಾಜೇ ಕಿತ್ತು ಹೋದ್ರೆ ಅಲ್ಲಿ ಕೂತವರ ಗತಿ? ನಮ್ಮ ಹಳೇ ಗಾಡಿಲಿ ಮಳೆ ಬಂದಾಗೆಲ್ಲ ಡ್ಯಾಶ್‌ಬೋರ್ಡ್ ಮೂಲೆಲಿ ಗಾಜಿನ ಅಂಚಿಂದ ನೀರು ಜಿನುಗ್ತಿತ್ತು, ಬಟ್ಟೆಲಿ ಒರೆಸ್ಕೊಂಡೇ ಓಡಿಸಿದ್ವಿ, ಹಾಗೆ ಮಾಡಬಾರದಿತ್ತು. ಮತ್ತೆ ಫೋರ್ಡ್ ಡೀಲರ್ ಹತ್ರ ಗಾಜು ಕೂರಿಸಿದ ಮೇಲೆ ಅಂಟು ಗಟ್ಟಿಯಾಗೋಕೆ ಎಷ್ಟೊತ್ತು ಬೇಕು ಅಂತ ಅಲ್ಲೇ ಕೇಳಿ, ಅಲ್ಲಿವರೆಗೂ ಗಾಡಿ ಹೊರಗೆ ತೆಗೀಬೇಡಿ.