ಬುಧವಾರ ರಾತ್ರಿ ನಿನ್ನನ್ನು ಕೇಳಿದ ಪ್ರಶ್ನೆ

ಪ್ರಿಯ ತಂಗಿ,

ನಿನ್ನ ಪತ್ರದ ಮುಕ್ಕಾಲು ಭಾಗ ಓದಿ ನೆಮ್ಮದಿಯಾಯಿತು. ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಕೊಲಂಬಿಯಾದಲ್ಲಿ ಬಾಡಿಗೆ ಮನೆ ಸಿಕ್ಕಿದೆ, ಆಸ್ಪತ್ರೆಯ ರಾತ್ರಿಪಾಳಿ ಒಗ್ಗಿದೆ, ಕುಚ್ಚಲಕ್ಕಿ ಸಿಗುವ ಅಂಗಡಿಯೂ ಗೊತ್ತಾಗಿದೆ. ಕೊನೆಯ ಪುಟಕ್ಕೆ ಬಂದಾಗ ಮಾತ್ರ ಚಹಾ ಆರಿಹೋಗುವವರೆಗೂ ಸುಮ್ಮನೆ ಕುಳಿತುಬಿಟ್ಟೆ.

ನೀನು ಬರೆದದ್ದು ಇಷ್ಟು. ಬುಧವಾರ ಸಂಜೆಯ ಬೈಬಲ್ ಅಧ್ಯಯನದಲ್ಲಿ ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯ ನಡೆಯುತ್ತಿತ್ತು. ಯೆಹೂದ್ಯ, ಗ್ರೀಕ, ಆಳು, ಒಡೆಯ, ಗಂಡು, ಹೆಣ್ಣು ಎಂಬ ಭೇದ ಕ್ರಿಸ್ತನಲ್ಲಿಲ್ಲ ಎಂಬ 28ನೆಯ ವಚನ. ನಡೆಸಿಕೊಡುತ್ತಿದ್ದವರು, 'ಹಾಗಾಗಿ ನನಗೆ ಯಾರ ಬಣ್ಣವೂ ಕಾಣಿಸುವುದಿಲ್ಲ, ಕ್ರೈಸ್ತರು ಈ ವಿಷಯವನ್ನು ಮತ್ತೆ ಮತ್ತೆ ಎತ್ತಬಾರದು' ಎಂದರು. ಅಲ್ಲಿದ್ದ ಒಬ್ಬರೇ ಕಪ್ಪು ಹೆಂಗಸು, ವಯಸ್ಸಾದವರು, ತಮ್ಮ ತಂದೆಯನ್ನು ಇದೇ ಊರಿನ ಒಂದು ಸಭೆಯ, ಅಂದರೆ ಚರ್ಚಿನ, ಮುಂಬಾಗಿಲಿನಿಂದ ಹೇಗೆ ಹಿಂದಕ್ಕೆ ಕಳಿಸಿದ್ದರು ಎಂದು ಹೇಳತೊಡಗಿದರು. ಕೋಣೆ ಬಿಗಿದುಕೊಂಡಿತು. ಆಗ ಯಾರೋ ನಿನ್ನತ್ತ ತಿರುಗಿ, 'ನೀನೂ ಭಾರತದವಳು, ಬಿಳಿಯಳಲ್ಲ. ನಿನಗೆ ಇಲ್ಲಿ ಏನಾದರೂ ಅನ್ಯಾಯವಾಗಿದೆಯೇ?' ಎಂದು ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದು ನೀನು ತಪ್ಪಿಸಿಕೊಂಡೆ. ಈಗ ನನ್ನನ್ನು ಕೇಳುತ್ತಿದ್ದೀಯ: ಅಕ್ಕ, ದೇವರ ವಾಕ್ಯದ ಮಾತು ಬಂದಾಗ ಚರ್ಮದ ಬಣ್ಣ ಮುಖ್ಯವೇ? ಮುಖ್ಯ ಎಂದರೆ ನಮ್ಮ ವಿಶ್ವಾಸಕ್ಕೇ ವಿರುದ್ಧವಲ್ಲವೇ?

ಯೋಚಿಸಿ ಹೇಳುತ್ತೇನೆ ಎಂದದ್ದು ಒಳ್ಳೆಯದಾಯಿತು. ನಾನು ಆ ಜಾಗದಲ್ಲಿದ್ದಾಗ ಯೋಚಿಸಲಿಲ್ಲ.

ಬಂದು ಮೂರನೆಯ ವರ್ಷ, ಅಟ್ಲಾಂಟಾದ ಹೊರವಲಯದ ಒಂದು ಸಭೆ. ನನಗೆ ಸೋಫಾ, ಪಾತ್ರೆ, ಚಳಿಗಾಲದ ಕೋಟು ಎಲ್ಲ ಕೊಟ್ಟವರು ಅವರೇ. ಕಾರು ಇಲ್ಲದಿದ್ದಾಗ ಪ್ರತಿ ಭಾನುವಾರ ಮನೆಗೇ ಬಂದು ಕರೆದುಕೊಂಡು ಹೋಗುತ್ತಿದ್ದರು. ಒಂದು ಸಂಜೆ, ಕಪ್ಪು ಜನಾಂಗದ ಒಬ್ಬ ಹಿರಿಯರು, ತಮ್ಮ ಮಗನನ್ನು ಪೊಲೀಸರು ತಿಂಗಳಿಗೆರಡು ಸಲ ರಸ್ತೆಯಲ್ಲಿ ತಡೆದು ನಿಲ್ಲಿಸುತ್ತಾರೆ, ಅದಕ್ಕಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡರು. ಒಂದಿಬ್ಬರು ಕುರ್ಚಿಯಲ್ಲಿ ಅತ್ತಿತ್ತ ಸರಿದರು. ಆಮೇಲೆ ನನ್ನನ್ನು ಕೇಳಿದರು, ನಿನ್ನನ್ನು ಕೇಳಿದ ಹಾಗೆಯೇ. ನಾನು ಎದೆತುಂಬಿ ಹೇಳಿದೆ: 'ದೇವರ ದಯೆ, ಈ ದೇಶದಲ್ಲಿ ನನ್ನನ್ನು ಯಾರೂ ಕೀಳಾಗಿ ಕಂಡಿಲ್ಲ.' ಎಲ್ಲರ ಮುಖ ಅರಳಿತು. ಒಬ್ಬರು ನನ್ನ ಕೈಯನ್ನೂ ಒತ್ತಿದರು. ಆ ಹಿರಿಯರು ತಮ್ಮ ಬೈಬಲನ್ನು ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಅವರ ಮಗನಿಗಾಗಿ ಆ ರಾತ್ರಿ ಯಾರೂ ಪ್ರಾರ್ಥಿಸಲಿಲ್ಲ. ನಾನೂ ಪ್ರಾರ್ಥಿಸಲಿಲ್ಲ.

ಕೆಲವು ತಿಂಗಳ ನಂತರ ಅವರ ಹೆಂಡತಿ ನಾನು ಕೆಲಸ ಮಾಡುವ ವಾರ್ಡಿಗೆ ರೋಗಿಯಾಗಿ ಬಂದರು. ಔಷಧಿ ಕೊಡಲು ಹೋದಾಗ ನಾನಾಗಿಯೇ ಆ ಸಂಜೆಯ ಮಾತೆತ್ತಿದೆ. ಅವರು ಸಿಟ್ಟಾಗಲಿಲ್ಲ. 'ನೀನು ಸುಳ್ಳು ಹೇಳಲಿಲ್ಲ ಮಗಳೇ, ಆದರೆ ಅವರು ಕೇಳಿದ್ದು ನಿನ್ನ ಬಗ್ಗೆ ತಿಳಿಯಲಿಕ್ಕಲ್ಲ' ಎಂದರು. ಆ ಮಾತು ಇವತ್ತಿಗೂ ನನ್ನ ಜೊತೆಗಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ವಾಕ್ಯದ ಅರ್ಥ ಓದುವವರ ಚರ್ಮವನ್ನು ಅವಲಂಬಿಸಿಲ್ಲ. ಕಪ್ಪು ಜನರೆಲ್ಲ ಸರಿಯಾಗಿ ಓದುತ್ತಾರೆ, ಬಿಳಿಯರೆಲ್ಲ ತಪ್ಪಾಗಿ ಓದುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡ. 1688ರಲ್ಲೇ ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ನಾಲ್ವರು, ಜನರು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ಅವರಿಗೆ ಮಾಡಿರಿ ಎಂಬ ಕರ್ತನ ಮಾತನ್ನು ಮುಂದಿಟ್ಟು ಗುಲಾಮಗಿರಿಯ ವಿರುದ್ಧ ಬರೆದು ಸಹಿ ಹಾಕಿದರು. ಅವರು ಬಿಳಿಯರೇ. ವಾಕ್ಯವನ್ನು ಸರಿಯಾಗಿ ಓದಲು ಅವರಿಗೆ ಬಣ್ಣ ಅಡ್ಡಿಯಾಗಲಿಲ್ಲ.

ಆದರೆ ಒಂದು ವಚನವನ್ನು ಯಾರಿಗೆ ಓದಿ ಹೇಳಿದರು, ಯಾರಿಂದ ಮುಚ್ಚಿಟ್ಟರು ಎನ್ನುವುದು ಈ ನೆಲದಲ್ಲಿ ಶತಮಾನಗಳ ಕಾಲ ಬಣ್ಣವನ್ನು ನೋಡಿಯೇ ತೀರ್ಮಾನವಾಗುತ್ತಿತ್ತು. ನೀವು ಓದುತ್ತಿದ್ದ ಗಲಾತ್ಯ 3:28ನ್ನೇ ತೆಗೆದುಕೋ. 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು, ಬ್ರಿಟಿಷರ ವಶದಲ್ಲಿದ್ದ ಕೆರಿಬಿಯನ್ ದ್ವೀಪಗಳ ಗುಲಾಮರಿಗಾಗಿ. ಅದರಲ್ಲಿ ಹಳೆಯ ಒಡಂಬಡಿಕೆಯ ಸುಮಾರು ಶೇಕಡ 90ರಷ್ಟು ಭಾಗವಿಲ್ಲ, ಹೊಸ ಒಡಂಬಡಿಕೆಯ ಅರ್ಧದಷ್ಟಿಲ್ಲ. ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ಕಥೆ ಇಲ್ಲ. ಗಲಾತ್ಯದ ಈ ವಚನವೂ ಇಲ್ಲ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಎಂಬ ಎಫೆಸದ ಮಾತು ಮಾತ್ರ ಭದ್ರವಾಗಿದೆ. ಕತ್ತರಿ ಹಿಡಿದವರಿಗೆ ಆ ವಚನದ ಶಕ್ತಿ ಚೆನ್ನಾಗಿ ಗೊತ್ತಿತ್ತು. ಬಣ್ಣ ಲೆಕ್ಕಕ್ಕಿಲ್ಲ ಎಂದು ಸಾರುವ ವಚನವನ್ನೇ ಬಣ್ಣ ನೋಡಿ ಕಿತ್ತುಹಾಕಿದ್ದಾರೆ. ಅದೇ ವಚನವನ್ನು ಇಂದು ಓದಿ, ಬಣ್ಣದ ಮಾತೆತ್ತಬೇಡಿ ಎಂದರೆ ನಿಮ್ಮ ಅಧ್ಯಯನಕ್ಕೆ ಬಂದಿದ್ದ ಆ ಹಿರಿಯ ಹೆಂಗಸಿನ ಕಿವಿಗೆ ಹೇಗೆ ಕೇಳಿಸಿರಬೇಕು?

ಹೊವರ್ಡ್ ಥರ್ಮನ್ ಎಂಬ ಕಪ್ಪು ದೈವಶಾಸ್ತ್ರಜ್ಞರಿದ್ದರು. 1936ರಲ್ಲಿ ಭಾರತಕ್ಕೆ ಬಂದಿದ್ದಾಗ ಗಾಂಧೀಜಿಯವರನ್ನು ಭೇಟಿಯಾದವರು. ಅವರ ಅಜ್ಜಿ ಗುಲಾಮಳಾಗಿ ಹುಟ್ಟಿದವರು, ಓದು ಬರುತ್ತಿರಲಿಲ್ಲ. ಮೊಮ್ಮಗನ ಕೈಯಲ್ಲಿ ಬೈಬಲ್ ಓದಿಸಿ ಕೇಳುತ್ತಿದ್ದರಂತೆ. ಗಲಾತ್ಯದ ಪತ್ರಿಕೆಯನ್ನೂ ಬರೆದ ಅಪೊಸ್ತಲ ಪೌಲನ ಪತ್ರಿಕೆಗಳನ್ನು ಮಾತ್ರ ಓದಗೊಡುತ್ತಿರಲಿಲ್ಲ, ಪ್ರೀತಿಯ ಕುರಿತಾದ ಮೊದಲನೆಯ ಕೊರಿಂಥದ 13ನೆಯ ಅಧ್ಯಾಯವೊಂದನ್ನು ಬಿಟ್ಟು. ಎಷ್ಟೋ ವರ್ಷಗಳ ನಂತರ ಕಾರಣ ಕೇಳಿದಾಗ ಹೇಳಿದರು: ಯಜಮಾನನು ಕರೆಸುತ್ತಿದ್ದ ಬೋಧಕನು ಯಾವಾಗಲೂ ಪೌಲನಿಂದಲೇ, ದಾಸರೇ ವಿಧೇಯರಾಗಿರಿ ಎಂಬ ವಾಕ್ಯವನ್ನೇ ಎತ್ತಿಕೊಳ್ಳುತ್ತಿದ್ದನು, ಬಿಡುಗಡೆಯಾದರೆ ಆ ಭಾಗವನ್ನು ಎಂದಿಗೂ ಓದುವುದಿಲ್ಲ ಎಂದು ತಾನು ದೇವರಿಗೆ ಮಾತು ಕೊಟ್ಟಿದ್ದೆ ಎಂದು. ನನಗೆ ಪೌಲನೆಂದರೆ ಮಂಗಳೂರಿನ ಭಾನುವಾರ ಶಾಲೆಯಲ್ಲಿ ಬಾಯಿಪಾಠ ಮಾಡಿ ಬಹುಮಾನ ಪಡೆದ ವಚನಗಳು. ಪುಸ್ತಕ ಒಂದೇ. ಆ ಅಜ್ಜಿಯ ಹತ್ತಿರ ಕುಳಿತು ಓದಿದ್ದರೆ ನಾನು ಪೌಲನನ್ನು ಇಷ್ಟು ಸಲೀಸಾಗಿ ಉದ್ಧರಿಸುತ್ತಿರಲಿಲ್ಲ.

ಹಾಮನ ಶಾಪದ ಕಥೆಯನ್ನು ನೀನು ಇಲ್ಲಿ ಕೇಳಿಯೇ ಕೇಳುತ್ತೀಯ, ಮೊದಲೇ ಹೇಳಿಬಿಡುತ್ತೇನೆ. ಆದಿಕಾಂಡ 9ನ್ನು ನಮ್ಮ ಕನ್ನಡ ಸತ್ಯವೇದದಲ್ಲೇ ತೆರೆದು ನೋಡು. ನೋಹನು ಶಪಿಸಿದ್ದು ತನ್ನ ಮಗ ಹಾಮನನ್ನಲ್ಲ, ಹಾಮನ ಮಗ ಕಾನಾನನನ್ನು. ಬಣ್ಣದ ಒಂದಕ್ಷರವೂ ಅಲ್ಲಿಲ್ಲ. ಇಲ್ಲದ್ದನ್ನು ಸೇರಿಸಿ ಆಫ್ರಿಕಾದವರ ಗುಲಾಮಗಿರಿಗೆ ದೇವರ ಅಪ್ಪಣೆ ಇದೆ ಎಂದು ವೇದಿಕೆಯಿಂದಲೇ ಬೋಧಿಸಿದರು. ನೀನಿರುವ ಊರಿನಿಂದ ನನ್ನ ಮನೆಗೆ ಬರುವ ದಾರಿಯಲ್ಲಿ ಆಗಸ್ಟಾ ಸಿಗುತ್ತದೆ. 1845ರಲ್ಲಿ ಅಲ್ಲಿಯೇ ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳ ಒಕ್ಕೂಟ ಹುಟ್ಟಿತು; ಗುಲಾಮರನ್ನು ಇಟ್ಟುಕೊಂಡವರು ಮಿಷನರಿಗಳಾಗಬಹುದೇ ಎಂಬ ಜಗಳದಲ್ಲಿ, ಆಗಬಹುದು ಎಂದವರ ಒಕ್ಕೂಟವದು. ಅವರು ಬಹಿರಂಗವಾಗಿ ಕ್ಷಮೆ ಕೇಳಿದ್ದು 1995ರಲ್ಲಿ, ಅಟ್ಲಾಂಟಾದಲ್ಲಿ. ಕ್ಷಮೆ ಕೇಳಿದ್ದು ದೊಡ್ಡದೇ. ನೂರೈವತ್ತು ವರ್ಷ ಹಿಡಿಯಿತು ಎನ್ನುವುದನ್ನೂ ಮರೆಯಬೇಡ.

'ಹಾಗಾದರೆ ಭೇದವಿಲ್ಲ ಎಂಬ ಮಾತಿಗೆ ಏನು ಅರ್ಥ?' ಎಂದು ನೀನು ಕೇಳುತ್ತೀಯ. ನನಗೆ ಉತ್ತರ ಸಿಕ್ಕಿದ್ದು ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ. ಯೆರೂಸಲೇಮಿನ ಮೊದಲ ಸಭೆ, ಪಂಚಾಶತ್ತಮದ ಬೆಂಕಿ ಇನ್ನೂ ಆರಿಲ್ಲ. ಅಂಥ ಸಭೆಯಲ್ಲೇ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂಬ ಗೊಣಗಾಟ ಎದ್ದಿತು. ಅಪೊಸ್ತಲರು, ನಮಗೆ ಭಾಷೆಯ ಭೇದ ಕಾಣಿಸುವುದಿಲ್ಲ, ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಗೊಣಗಿದವರ ಬಾಯಿ ಮುಚ್ಚಿಸಬಹುದಿತ್ತು. ಹಾಗೆ ಮಾಡಲಿಲ್ಲ. ದೂರನ್ನು ಕೇಳಿದರು, ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದು ಸಭೆಗೇ ಹೇಳಿದರು. ಆ ಏಳು ಹೆಸರುಗಳನ್ನು ಓದು: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ... ಏಳೂ ಗ್ರೀಕ್ ಹೆಸರುಗಳು. ಯಾರಿಗೆ ಅನ್ಯಾಯವಾಗಿತ್ತೋ ಅವರ ಕಡೆಯವರ ಕೈಗೇ ಪಂಕ್ತಿಯ ಉಸ್ತುವಾರಿಯನ್ನು ಕೊಟ್ಟರು. ಮುಂದೆ ಗಾಜಾದ ದಾರಿಯಲ್ಲಿ ರಥ ಹತ್ತಿ ಐಥಿಯೋಪ್ಯದ ಅಧಿಕಾರಿಯ ಪಕ್ಕದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ವಿವರಿಸಿದವನು ಇದೇ ಏಳರಲ್ಲಿ ಒಬ್ಬನಾದ ಫಿಲಿಪ್ಪ. ಭೇದವಿಲ್ಲದ ಸಭೆಯನ್ನು ಅವರು ಕಟ್ಟಿದ್ದು ಭೇದ ಎಲ್ಲಿದೆ ಎಂದು ಕಣ್ಣಿಟ್ಟು ನೋಡಿ.

ಇನ್ನು ನಮ್ಮ ವಿಷಯ. ಇದನ್ನು ಬರೆಯುವುದು ಕಷ್ಟ, ಆದರೆ ಬಿಟ್ಟರೆ ಈ ಪತ್ರ ಪ್ರಾಮಾಣಿಕವಾಗುವುದಿಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಾಗಿನಿಂದ ನಮ್ಮ ಹಿರಿಯರು ಈ ಗಲಾತ್ಯದ ವಚನವನ್ನು ಕನ್ನಡದಲ್ಲಿ ಕೇಳುತ್ತಲೇ ಬಂದಿದ್ದಾರೆ. ಆದರೂ ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಮದುವೆಯ ಮಾತು ಬಂದಾಗ, 'ಅವರ ಮೂಲ ಯಾವುದು?' ಎಂಬ ಪ್ರಶ್ನೆ ಎರಡನೆಯ ಲೋಟ ಚಹಾಕ್ಕೂ ಮೊದಲೇ ಬರುತ್ತದೆ. ಹುಡುಗಿ ಸ್ವಲ್ಪ ಕಪ್ಪು ಎಂದು ಸಂಬಂಧ ತಪ್ಪಿದ್ದನ್ನು ನನ್ನ ಸ್ವಂತ ಅಕ್ಕನ ವಿಷಯದಲ್ಲೇ ನೋಡಿದ್ದೇನೆ. ನಮ್ಮ ಪಡಸಾಲೆಯ ಗೋಡೆಯ ಮೇಲಿದ್ದ, ಹೊಂಬಣ್ಣದ ಬೆಳಕಿನಲ್ಲಿ ತಿಳಿಕೂದಲಿನ ಯೇಸುವಿನ ಚಿತ್ರ ನೆನಪಿದೆ ತಾನೇ? ಅದು 1940ರಲ್ಲಿ ಶಿಕಾಗೋದ ಕಲಾವಿದ ವಾರ್ನರ್ ಸಾಲ್ಮನ್ ಬಿಡಿಸಿದ್ದು ಎಂದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಆ ಮುಖವನ್ನು ನೋಡಿಕೊಂಡೇ ನಾವು ಪ್ರಾರ್ಥಿಸಿ ಬೆಳೆದೆವು. ನಮ್ಮ ಮನಸ್ಸಿನಲ್ಲಿ ಪವಿತ್ರತೆಗೆ ಒಂದು ಬಣ್ಣ ಅಂಟಿಕೊಂಡಿದ್ದರೆ ಆಶ್ಚರ್ಯವೇನು?

ಈ ದೇಶದಲ್ಲಿ ಭಾರತೀಯರ ಮೊದಲ ವಾದವೂ ಬಿಳಿಯರ ಪಕ್ಕದ ಕುರ್ಚಿಗಾಗಿಯೇ ನಡೆಯಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನ ಮುಂದೆ ನಿಂತಾಗ, ತಾನು ಉಚ್ಚ ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂಬ ವಾದ ಮಂಡನೆಯಾಯಿತು. ನ್ಯಾಯಾಲಯ ಒಪ್ಪಲಿಲ್ಲ. ನಮ್ಮಂಥವರಿಗೆ ಬಾಗಿಲು ದೊಡ್ಡದಾಗಿ ತೆರೆದದ್ದು 1965ರ ವಲಸೆ ಕಾನೂನಿನಿಂದ. ಕಪ್ಪು ಜನರ ಸಮಾನ ಹಕ್ಕಿನ ಹೋರಾಟ ಈ ದೇಶದ ಮನಸ್ಸಾಕ್ಷಿಯನ್ನು ಅಲುಗಾಡಿಸಿದ್ದ ಕಾಲದಲ್ಲಿ. ನಿನ್ನ ವೀಸಾದ ಹಿಂದೆ ಆ ಹಿರಿಯರ ತಂದೆಯಂಥವರ ನೋವೂ ಇದೆ. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೇರಳದ ಒಂದು ಶಾಲೆಗೆ ಹೋಗಿದ್ದರು, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಓದುತ್ತಿದ್ದ ಶಾಲೆ. ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ನಮ್ಮಂತೆಯೇ ಒಬ್ಬ ಅಸ್ಪೃಶ್ಯರು ಎಂದು ಪರಿಚಯಿಸಿದರು. ಕಿಂಗ್ ಮೊದಲು ಬೆಚ್ಚಿಬಿದ್ದರು. ಆಮೇಲೆ ತಮ್ಮ ಜನರ ಬದುಕನ್ನು ನೆನೆದು, ಹೌದು, ನಾನು ಅಸ್ಪೃಶ್ಯನೇ ಎಂದುಕೊಂಡರು. 1965ರಲ್ಲಿ ಅಟ್ಲಾಂಟಾದ ತಮ್ಮ ಸಭೆಯಲ್ಲಿ ಇದನ್ನು ಅವರೇ ಹೇಳಿದ್ದಾರೆ. ಆ ಮುಖ್ಯೋಪಾಧ್ಯಾಯರು ಕಂಡಷ್ಟನ್ನು ಕಾಣಲು ನನಗೆ ಈ ದೇಶದಲ್ಲಿ ಹತ್ತು ವರ್ಷ ಬೇಕಾಯಿತು.

ನಿನ್ನ ಸಭೆಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನಿನಗೆ ಮಂಚ ತಂದುಕೊಟ್ಟ ಪ್ರೀತಿ ನಿಜವಾದದ್ದು. ಅದನ್ನು ಅನುಮಾನಿಸಬೇಡ, ಋಣವನ್ನೂ ಮರೆಯಬೇಡ. ಆದರೆ ಹೊಸಬಳಾದ ನಿನಗೆ ತೋರಿಸುವ ಪ್ರೀತಿಗೆ ಅವರು ಹಳೆಯದೇನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ. ಆ ಹಿರಿಯರ ಮಾತನ್ನು ಕೇಳಬೇಕಾದರೆ ತಮ್ಮ ಅಜ್ಜಂದಿರ ಹೆಸರುಗಳನ್ನೂ ಕೇಳಬೇಕಾಗುತ್ತದೆ. ನೀನು ಸುಲಭ, ಅವರು ಕಷ್ಟ. ಅದಕ್ಕೇ ಮಾತು ನಿನ್ನ ಕಡೆಗೆ ತಿರುಗಿತು.

ಬರುವ ಬುಧವಾರಕ್ಕೆ ಮೊದಲು ಆ ಹಿರಿಯರಿಗೆ ಒಂದು ಫೋನ್ ಮಾಡು. ಹೋದ ವಾರ ನಿಮ್ಮ ಮಾತು ಅರ್ಧಕ್ಕೆ ನಿಂತಿತು, ನನಗೆ ಪೂರ್ತಿ ಕೇಳಬೇಕಿದೆ ಎಂದು ಹೇಳು. ಎಲ್ಲರ ಮುಂದೆ ಹೇಳಲು ಅವರಿಗೆ ಮನಸ್ಸಿದೆಯೋ ಇಲ್ಲವೋ ಕೇಳಿಕೋ; ಎಷ್ಟು ಸಲ ಹೇಳಿ ದಣಿದಿದ್ದಾರೋ. ಒಪ್ಪಿದರೆ, ಮತ್ತೆ ನಿನ್ನನ್ನು ಕೇಳಿದಾಗ, 'ನನ್ನ ಕಥೆ ನಾಲ್ಕು ತಿಂಗಳದ್ದು, ಅವರದ್ದು ಈ ಊರಿನದ್ದು, ಮೊದಲು ಅದು ಮುಗಿಯಲಿ' ಎನ್ನು. ಒಪ್ಪದಿದ್ದರೆ ಅವರ ಹೆಸರೆತ್ತಬೇಡ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಓದೋಣವೇ ಎಂದಷ್ಟೇ ಕೇಳು. ನಿನಗೆ ನಿಜವಾಗಿ ಏನಾದರೂ ಆಗಿದ್ದರೆ ಅದನ್ನೂ ಹೇಳು, ಆಗದಿದ್ದರೆ ಇಲ್ಲದ್ದನ್ನು ಕಟ್ಟಬೇಡ. ಅವರ ಪಕ್ಕದ ಕುರ್ಚಿಯಲ್ಲಿ ಕುಳಿತುಕೋ.

ನಿನ್ನ ಊರಿನಿಂದ ಚಾರ್ಲ್ಸ್‌ಟನ್ ಎರಡು ಗಂಟೆಯ ದಾರಿಯೂ ಅಲ್ಲ. ಅಲ್ಲಿ ಕ್ಯಾಲ್‌ಹೂನ್ ಬೀದಿಯಲ್ಲಿ, ಗುಲಾಮಗಿರಿಯನ್ನು ಸಮರ್ಥಿಸಿದ ರಾಜಕಾರಣಿಯೊಬ್ಬನ ಹೆಸರು ಹೊತ್ತ ಆ ಬೀದಿಯಲ್ಲೇ, ಕಪ್ಪು ಜನರ ಇಮ್ಯಾನ್ಯುಯೆಲ್ ಸಭೆ ಇದೆ. 2015ರ ಜೂನ್ 17, ಅದೂ ಬುಧವಾರ. ಬೈಬಲ್ ಅಧ್ಯಯನಕ್ಕೆ ಬಂದ ಅಪರಿಚಿತ ಬಿಳಿಯ ಹುಡುಗನನ್ನು ಬರಮಾಡಿಕೊಂಡು ಸಭಾಪಾಲಕರು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಮಾರ್ಕನ ನಾಲ್ಕನೆಯ ಅಧ್ಯಾಯ, ಬಿತ್ತುವವನ ಸಾಮ್ಯ. ಸುಮಾರು ಒಂದು ಗಂಟೆ ಅವನು ಕೇಳುತ್ತ ಕುಳಿತಿದ್ದನು. ಎಲ್ಲರೂ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಗುಂಡು ಹಾರಿಸಿದನು. ಒಂಬತ್ತು ಮಂದಿ ಸತ್ತರು, ಅವರ ಬಣ್ಣಕ್ಕಾಗಿ. ಎರಡು ದಿನಗಳ ನಂತರ ನ್ಯಾಯಾಲಯದಲ್ಲಿ ಸತ್ತವರ ಮನೆಯ ಕೆಲವರು ಅವನಿಗೆ ನಿನ್ನನ್ನು ಕ್ಷಮಿಸಿದ್ದೇವೆ ಎಂದರು. ಆ ಮಾತನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಸಲ ಜೂನ್ ತಿಂಗಳಲ್ಲಿ ನಾನು ರಜೆ ಹಾಕಿ ಅಲ್ಲಿಗೆ ಹೋಗುತ್ತಿದ್ದೇನೆ, ದಾರಿಯಲ್ಲಿ ನಿನ್ನ ಮನೆಗೆ ಬರುತ್ತೇನೆ. ನಿನ್ನ ಪಾಳಿಯನ್ನು ಈಗಲೇ ಬದಲಾಯಿಸಿಕೋ. ಕನ್ನಡ ಸತ್ಯವೇದ ತೆಗೆದಿಟ್ಟುಕೋ, ನನ್ನದರ ಹೊಲಿಗೆ ಬಿಟ್ಟಿದೆ. ಆ ಹಿರಿಯರನ್ನೂ ಬರುತ್ತೀರಾ ಎಂದು ಕೇಳಿ ನೋಡು, ಕಾರಿನಲ್ಲಿ ಜಾಗವಿದೆ.

ಪ್ರೀತಿಯಿಂದ,
ಅಕ್ಕ